ಊಟದ ಕಬ್ಬಿಣ ರಕ್ತಕ್ಕೆ ಸೇರಲಿ

ಮಕ್ಕಳೇ, ನಿಮಗೊಂದು ಪ್ರಶ್ನೆ. ಭಾನುವಾರ ಮಧ್ಯಾಹ್ನ ಅಕ್ಕ ತಂಗಿ ಇಬ್ಬರೂ ರಾಗಿಮುದ್ದೆ, ನುಗ್ಗೆಸೊಪ್ಪಿನ ಸಾರು ಉಂಡರು. ಇಬ್ಬರ ತಟ್ಟೆಯಲ್ಲೂ ಅಷ್ಟೇ ಮುದ್ದೆ, ಅಷ್ಟೇ ಸಾರು. ಕೈ ತೊಳೆದ ಮೇಲೆ ಅಕ್ಕ ಹಿತ್ತಲಿನ ಮರದಿಂದ ಒಂದು ಸೀಬೆಹಣ್ಣು ಕಿತ್ತು ತಿಂದಳು. ತಂಗಿ ಅಜ್ಜಿಯ ಪಕ್ಕದಲ್ಲಿ ಕುಳಿತು ಒಂದು ಲೋಟ ಚಹಾ ಕುಡಿದಳು. ಈ ಊಟದಿಂದ ಇಬ್ಬರಿಗೂ ಒಂದೇ ಪ್ರಮಾಣದ ಕಬ್ಬಿಣ ಸಿಕ್ಕಿತೇ?

ತಟ್ಟೆಗಳನ್ನು ನೋಡಿದರೆ ‘ಹೌದು’ ಎನ್ನಬೇಕು. ಆದರೆ ಉತ್ತರ ‘ಇಲ್ಲ’. ಅಕ್ಕನ ರಕ್ತಕ್ಕೆ ಸೇರಿದ ಕಬ್ಬಿಣ ತಂಗಿಗೆ ಸಿಕ್ಕಿದ್ದಕ್ಕಿಂತ ಹೆಚ್ಚು. ಇದು ಹೇಗೆ ಎಂಬುದನ್ನು ನೋಡೋಣ.

ಮೊದಲು, ನಮ್ಮ ದೇಹಕ್ಕೆ ಕಬ್ಬಿಣವೇಕೆ ಬೇಕು? ದೊಡ್ಡವರ ದೇಹದಲ್ಲಿರುವ ಒಟ್ಟು ಕಬ್ಬಿಣ 3ರಿಂದ 4 ಗ್ರಾಂ, ಒಂದು ಸಣ್ಣ ಮೊಳೆಯ ತೂಕದಷ್ಟು ಮಾತ್ರ. ಅದರಲ್ಲಿ ಸುಮಾರು ಮೂರನೆಯ ಎರಡು ಭಾಗ ರಕ್ತದ ಹಿಮೋಗ್ಲೋಬಿನ್‌ನಲ್ಲಿದೆ. ರಕ್ತಕ್ಕೆ ಕೆಂಪು ಬಣ್ಣ ಕೊಡುವುದು ಈ ಹಿಮೋಗ್ಲೋಬಿನ್. ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತು ಮೆದುಳಿಗೂ ಮಾಂಸಖಂಡಗಳಿಗೂ ತಲುಪಿಸುವುದೂ ಅದೇ. ಒಂದು ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಸತ್ತ ಕಣಗಳ ಬದಲಿಗೆ ಮೂಳೆಮಜ್ಜೆಯಲ್ಲಿ ಹೊಸ ಕಣಗಳು ಹುಟ್ಟುತ್ತಲೇ ಇರುತ್ತವೆ, ದೊಡ್ಡವರಲ್ಲಿ ಸೆಕೆಂಡಿಗೆ ಸುಮಾರು 20 ಲಕ್ಷ! ಹಳೆಯ ಕಣಗಳ ಕಬ್ಬಿಣವನ್ನು ದೇಹ ಎಸೆಯುವುದಿಲ್ಲ, ಜೋಪಾನವಾಗಿ ಮತ್ತೆ ಬಳಸುತ್ತದೆ. ಆದರೆ ನೀವು ಬೆಳೆಯುವ ಮಕ್ಕಳು. ನಿಮ್ಮ ದೇಹದ ಜೊತೆಗೆ ರಕ್ತವೂ ಬೆಳೆಯಬೇಕು, ಆದ್ದರಿಂದ ಹೊಸ ಕಬ್ಬಿಣ ಬೇಕು. ಮುಟ್ಟು ಆರಂಭವಾದ ಹೆಣ್ಣುಮಕ್ಕಳಿಗೆ ಪ್ರತಿ ತಿಂಗಳೂ ಒಂದಿಷ್ಟು ರಕ್ತ ಹೋಗುವುದರಿಂದ ಇನ್ನೂ ಹೆಚ್ಚು ಬೇಕು.

ಕಬ್ಬಿಣ ಸಾಲದಿದ್ದರೆ ರಕ್ತಹೀನತೆ ಬರುತ್ತದೆ. 2016–18ರಲ್ಲಿ ದೇಶದಾದ್ಯಂತ ಮಕ್ಕಳ ಪೋಷಣೆಯ ಸಮೀಕ್ಷೆ ನಡೆಯಿತು. ಅದರಲ್ಲಿ 10ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 40 ಮಂದಿಗೆ, ಹುಡುಗರಲ್ಲಿ ನೂರಕ್ಕೆ 18 ಮಂದಿಗೆ ರಕ್ತಹೀನತೆ ಇರುವುದು ಕಂಡುಬಂತು. ಎಲ್ಲ ರಕ್ತಹೀನತೆಗೂ ಕಬ್ಬಿಣದ ಕೊರತೆಯೇ ಕಾರಣವಲ್ಲ, ಆದರೆ ಅದು ದೊಡ್ಡ ಕಾರಣ. ಮಧ್ಯಾಹ್ನದ ತರಗತಿಯಲ್ಲಿ ಬೆಂಚಿಗೆ ತಲೆಯಾನಿಸುವ, ಎರಡು ಸುತ್ತು ಓಡಿದರೆ ಏದುಸಿರು ಬಿಡುವ, ಓದಿದ್ದು ತಲೆಗೆ ಹತ್ತುತ್ತಿಲ್ಲ ಎನ್ನುವ ಗೆಳತಿ ನಿಮ್ಮ ತರಗತಿಯಲ್ಲೂ ಇರಬಹುದು. ಅವಳನ್ನು ಸೋಮಾರಿ ಎಂದು ಬೈಯುವ ಮುನ್ನ ಅವಳ ಕಣ್ಣಿನ ಕೆಳರೆಪ್ಪೆಯ ಒಳಭಾಗವನ್ನು ನೋಡಬೇಕು. ಅದು ಬಿಳಿಚಿಕೊಂಡಿದ್ದರೆ ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು. ಇದನ್ನು ನಿಮ್ಮ ಶಿಕ್ಷಕರಿಗೂ ಓದಿ ಹೇಳಿ!

ಈಗ ತಟ್ಟೆಯ ಲೆಕ್ಕಕ್ಕೆ ಬರೋಣ. 10ರಿಂದ 12 ವರ್ಷದ ಹುಡುಗಿಯ ಆಹಾರದಲ್ಲಿ ದಿನಕ್ಕೆ 28 ಮಿಲಿಗ್ರಾಂ, ಹುಡುಗನ ಆಹಾರದಲ್ಲಿ 16 ಮಿಲಿಗ್ರಾಂ ಕಬ್ಬಿಣವಿರಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 4.6 ಮಿಲಿಗ್ರಾಂ ಕಬ್ಬಿಣವಿದೆ. ನುಗ್ಗೆಸೊಪ್ಪಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಹುರುಳಿಕಾಳಿನಲ್ಲಿ ಸುಮಾರು ಅದರ ಎರಡರಷ್ಟು. ಆದರೆ ತಿಂದದ್ದೆಲ್ಲ ರಕ್ತಕ್ಕೆ ಸೇರುವುದಿಲ್ಲ. ಕಾಳು, ಧಾನ್ಯ, ಸೊಪ್ಪಿನ ಊಟದ ಕಬ್ಬಿಣದಲ್ಲಿ ನೂರಕ್ಕೆ ಐದರಿಂದ ಎಂಟು ಪಾಲು ಮಾತ್ರ ಸಣ್ಣ ಕರುಳಿನ ಗೋಡೆ ದಾಟುತ್ತದೆ. 28 ಮಿಲಿಗ್ರಾಂ ತಿಂದರೆ ಒಳಗೆ ಇಳಿಯುವುದು ಎರಡು ಮಿಲಿಗ್ರಾಂ ಆಸುಪಾಸು! ಉಳಿದದ್ದು ಮಲದೊಂದಿಗೆ ಹೊರಗೆ. (ಮಾಂಸ, ಮೀನಿನಲ್ಲಿರುವ ಕಬ್ಬಿಣದ ಒಂದು ಭಾಗ ಬೇರೆ ರೂಪದ್ದು, ಅದು ಇದಕ್ಕಿಂತ ಸುಲಭವಾಗಿ ಒಳಗೆ ಹೋಗುತ್ತದೆ.)

ಕರುಳಿನ ಈ ಬಾಗಿಲನ್ನು ಕಿರಿದಾಗಿಸುವುದು ಚಹಾ, ಅಗಲವಾಗಿಸುವುದು ಸೀಬೆಹಣ್ಣು. ಚಹಾ ಸೊಪ್ಪಿನಲ್ಲಿ ಟ್ಯಾನಿನ್ ಮತ್ತು ಅದರ ನೆಂಟರಾದ ವಸ್ತುಗಳಿವೆ. ಎಳೆಯ ಬಾಳೆಕಾಯಿ, ಹಸಿ ಅಡಿಕೆ ಕಚ್ಚಿದಾಗ ನಾಲಿಗೆಗೆ ಒಗರು ಹತ್ತುತ್ತದಲ್ಲ, ಅದು ಇಂಥ ವಸ್ತುಗಳ ಕೆಲಸ. ಅವು ಕಬ್ಬಿಣವನ್ನು ಹಿಡಿದುಕೊಂಡು ಕರಗದ ವಸ್ತುವಾಗುತ್ತವೆ. ಕರಗದ್ದನ್ನು ಕರುಳು ಹೀರಲಾರದು.

ಇದನ್ನು ಕಣ್ಣಾರೆ ನೋಡಬೇಕೇ? ಹಾಲು ಸಕ್ಕರೆ ಹಾಕದ ಗಟ್ಟಿ ಚಹಾ ಡಿಕಾಕ್ಷನ್ ಅನ್ನು ಎರಡು ಗಾಜಿನ ಲೋಟಗಳಿಗೆ ಹಾಕಿ. ಒಂದಕ್ಕೆ ಮಾತ್ರ ನಾಲ್ಕು ತುಕ್ಕು ಹಿಡಿದ ಮೊಳೆಗಳನ್ನು ಹಾಕಿ ಒಂದೆರಡು ದಿನ ಬಿಡಿ. (ಮೊಳೆ ಚುಚ್ಚದಂತೆ ಎಚ್ಚರ. ನೀರನ್ನು ಯಾರೂ ಕುಡಿಯಬಾರದು.) ಮೊಳೆಯಿರುವ ಲೋಟದ ಬಣ್ಣ ಮಸಿಯಂತೆ ಕಪ್ಪಾಗುತ್ತದೆ. ಮಸಿಯಂತೆ ಏನು, ಅದು ಮಸಿಯೇ! ಹಿಂದೆ ಅಳಲೆಕಾಯಿಯ ಒಗರಿಗೆ ಕಬ್ಬಿಣದ ಲವಣವಾದ ಅನ್ನಭೇದಿ ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದುದು ಇದೇ ರೀತಿ. ಈಗ ಎರಡೂ ಲೋಟಗಳಿಂದ ಎರಡೆರಡು ಚಮಚ ಬೇರೆ ಬೇರೆ ತೆಗೆದು, ನೀರು ಬೆರೆಸಿ, ನಿಂಬೆರಸ ಹಿಂಡಿ. ಕಪ್ಪು ತಿಳಿಯಾಗುವುದನ್ನು ಗಮನಿಸಿ. ನಿಂಬೆಯ ಆಮ್ಲ ಟ್ಯಾನಿನ್‌ನ ಹಿಡಿತದಿಂದ ಕಬ್ಬಿಣವನ್ನು ಬಿಡಿಸುತ್ತದೆ. ಬರೀ ಚಹಾ ಇರುವ ಲೋಟದ ಬಣ್ಣವೂ ಸ್ವಲ್ಪ ತಿಳಿಯಾಗುತ್ತದೆ. ಹೋಲಿಸಿ ನೋಡಲು ಎರಡನೆಯ ಲೋಟ ಬೇಕಾದದ್ದು ಅದಕ್ಕಾಗಿಯೇ.

ಹೊಟ್ಟೆಯಲ್ಲಿ ನಡೆಯುವುದು ಲೋಟದಲ್ಲಿ ನಡೆದಷ್ಟು ಸರಳವಲ್ಲ. ಅಲ್ಲಿ ನಿಂಬೆ, ಸೀಬೆ, ನೆಲ್ಲಿಕಾಯಿಗಳ ಸಿ ವಿಟಮಿನ್ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಸಸ್ಯಾಹಾರದ ಕಬ್ಬಿಣ ಹೆಚ್ಚಾಗಿ ಫೆರಿಕ್ ರೂಪದಲ್ಲಿರುತ್ತದೆ. ಅದನ್ನು ಕರುಳು ಹೀರಬಲ್ಲ ಫೆರಸ್ ರೂಪಕ್ಕೆ ಸಿ ವಿಟಮಿನ್ ತಿರುಗಿಸುತ್ತದೆ. ಆದರೆ ಅದು ಊಟದ ಜೊತೆಗೇ ಹೊಟ್ಟೆಯಲ್ಲಿರಬೇಕು. ಬೆಳಗ್ಗೆ ತಿಂದ ಸೀಬೆ ರಾತ್ರಿಯ ಸೊಪ್ಪಿಗೆ ಒದಗುವುದಿಲ್ಲ.

ಹಾಗಾದರೆ ಚಹಾ ಕಾಫಿ ಯಾವಾಗ ಕುಡಿಯಬಹುದು? 1983ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಊಟದ ಜೊತೆ ಕಾಫಿ ಕುಡಿದಾಗ ಕಬ್ಬಿಣ ಹೀರುವಿಕೆ ನೂರಕ್ಕೆ 39ರಷ್ಟು, ಚಹಾ ಕುಡಿದಾಗ 64ರಷ್ಟು ತಗ್ಗಿತು. ಊಟಕ್ಕೆ ಒಂದು ಗಂಟೆ ಮೊದಲು ಕಾಫಿ ಕುಡಿದರೆ ಏನೂ ತಗ್ಗಲಿಲ್ಲ. ಒಂದು ಗಂಟೆಯ ನಂತರ ಕುಡಿದರೆ, ಜೊತೆಯಲ್ಲಿ ಕುಡಿದಷ್ಟೇ ತಗ್ಗಿತು! ಆಹಾರ ಆಗಲೂ ಹೊಟ್ಟೆಯಲ್ಲೇ ಇರುತ್ತದಲ್ಲವೇ? ನಿಮ್ಮ ವಯಸ್ಸಿಗೆ ಚಹಾ ಇಲ್ಲದೆಯೂ ನಡೆಯುತ್ತದೆ ಎಂಬುದು ನನ್ನ ಅಭಿಪ್ರಾಯ. ಮನೆಯ ಹಿರಿಯರಿಗೆ ಬಿಡಲಾಗದಿದ್ದರೆ ಊಟವಾಗಿ ಎರಡು ಗಂಟೆ ಕಳೆಯಲಿ.

ಶಾಲೆಗಳಿಗೆ ಹೋದಾಗ ‘ಬೆಳಗ್ಗೆ ಏನು ತಿಂದಿರಿ?’ ಎಂದು ಕೇಳುತ್ತೇನೆ. ‘ಚಹಾ, ಬ್ರೆಡ್ಡು’, ‘ಚಹಾ, ಬಿಸ್ಕತ್ತು’ ಎಂಬ ಉತ್ತರ ಬಹಳ ಸಲ ಬರುತ್ತದೆ. ರಾತ್ರಿಯ ರೊಟ್ಟಿ, ಮೊಳಕೆ ಕಾಳಿನ ಪಲ್ಯ ಉಳಿದಿದ್ದು ಕೆಡದೆ ಚೆನ್ನಾಗಿದ್ದರೆ, ಅದನ್ನು ಬಿಸಿ ಮಾಡಿ ನಿಂಬೆ ಹಿಂಡಿಕೊಂಡು ತಿನ್ನುವುದು ಅದಕ್ಕಿಂತ ಎಷ್ಟೋ ಮೇಲು. ಕಾಳು, ಧಾನ್ಯಗಳಲ್ಲಿರುವ ಫೈಟೇಟ್ ಎಂಬ ವಸ್ತುವೂ ಕಬ್ಬಿಣವನ್ನು ಹಿಡಿದಿಡುತ್ತದೆ. ಮೊಳಕೆ ಬಂದಾಗ ಫೈಟೇಟ್ ಕಡಿಮೆಯಾಗಿ ಸಿ ವಿಟಮಿನ್ ಹೆಚ್ಚುತ್ತದೆ. ನೆನೆಸಿದ ಹೆಸರುಬೇಳೆಗೆ ನಿಂಬೆ ಹಿಂಡಿ ಕೋಸಂಬರಿ ಮಾಡಿದವರಿಗೆ ಈ ರಸಾಯನಶಾಸ್ತ್ರ ತಿಳಿದಿರಲಿಲ್ಲ. ಆದರೂ ಜೋಡಿ ಎಷ್ಟು ಸರಿಯಾಗಿದೆ ನೋಡಿ!

ಸಿ ವಿಟಮಿನ್ ಬಿಸಿಗೆ ನಾಶವಾಗುತ್ತದೆ, ನೀರಿನಲ್ಲಿ ಕರಗಿ ಹೋಗುತ್ತದೆ. ಆದ್ದರಿಂದ ಸೊಪ್ಪನ್ನು ತೊಳೆದ ಮೇಲೆ ಹೆಚ್ಚಬೇಕು, ನಿಂಬೆಯನ್ನು ಪಾತ್ರೆ ಒಲೆಯಿಂದ ಇಳಿಸಿದ ಮೇಲೆ ಹಿಂಡಬೇಕು. ನಿಂಬೆ ದುಬಾರಿಯಾದ ಬೇಸಿಗೆಯಲ್ಲಿ ಹಸಿ ಟೊಮೆಟೊ, ನೆಲ್ಲಿಕಾಯಿ ಆದೀತು. ಸೀಬೆ ಸಿಕ್ಕರಂತೂ ಕಿತ್ತಳೆಯನ್ನು ಮರೆತುಬಿಡಿ. ಸೀಬೆಯಲ್ಲಿ ಕಿತ್ತಳೆಗಿಂತ ಹಲವು ಪಟ್ಟು ಸಿ ವಿಟಮಿನ್ ಇದೆ, ಬೆಲೆಯೂ ಕಡಿಮೆ.

ಆಹಾರವೊಂದರಿಂದಲೇ ಎಲ್ಲ ಕೊರತೆಯೂ ತುಂಬುವುದಿಲ್ಲ. ಆದ್ದರಿಂದಲೇ ವಾರಕ್ಕೊಮ್ಮೆ ಶಾಲೆಯಲ್ಲಿ ಕಬ್ಬಿಣದ ಮಾತ್ರೆ ಕೊಡುತ್ತಾರೆ. ಹತ್ತು ವರ್ಷ ದಾಟಿದವರಿಗೆ ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿರುತ್ತದೆ. ಅದನ್ನು ಬಿಸಿಯೂಟದ ನಂತರ ನೀರಿನ ಜೊತೆ ನುಂಗಿ, ಖಾಲಿ ಹೊಟ್ಟೆಯಲ್ಲಿ ಬೇಡ. ಮರುದಿನ ಮಲ ಕಪ್ಪಾದರೆ ಹೆದರಿ ಮಾತ್ರೆಯನ್ನು ಕಿಟಕಿಯಾಚೆ ಎಸೆಯುವವರಿದ್ದಾರೆ! ಅದು ಹೀರದೆ ಉಳಿದ ಕಬ್ಬಿಣದ ಬಣ್ಣ, ರೋಗವಲ್ಲ. ಮಾತ್ರೆ ನುಂಗಿದ ದಿನ ಮನೆಗೆ ಹೋದ ಕೂಡಲೇ ಚಹಾ ಲೋಟ ಕೈಗೆ ಬಂದರೆ ಏನು ಹೇಳಬೇಕೆಂಬುದು ಈಗ ನಿಮಗೆ ಗೊತ್ತು. ಮನೆಯವರು ನಂಬದಿದ್ದರೆ ಮೊಳೆ ಹಾಕಿದ ಲೋಟವನ್ನು ತೋರಿಸಿ.