ಮುಂದೆ ಎರಡು ಕಾಲು, ಹಿಂದೆ ಯಾರು?

ಸೆಪ್ಟೆಂಬರ್ ಮೊದಲ ವಾರ ಕೊಡಗಿನಲ್ಲಿ ಕೈಲ್ ಮುಹೂರ್ತ. ಕೋವಿಗೆ ತೋಕ್ ಪೂ (ಕೋವಿಯ ಹೂ) ಮುಡಿಸಿ ಪೂಜೆ ಮುಗಿಸಿದ ಮೇಲೆ, ಎತ್ತರದ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ನಿಂತೇ ಹೊಡೆಯಬೇಕು. ಕೋವಿಗೆ ಹೆಗಲು ಮತ್ತು ಎರಡು ಕೈ ಬಿಟ್ಟರೆ ಬೇರೆ ಆಸರೆಯಿಲ್ಲ. ಇದನ್ನು ನೋಡುತ್ತ ಬೆಳೆದವರಿಗೆ, ಅಮೆರಿಕದಿಂದ ಅಳಿಯನೋ ತಮ್ಮನೋ ಕಳಿಸಿದ ಫೋಟೊದಲ್ಲಿ ರೈಫಲಿನ ಮುಂಭಾಗಕ್ಕೆ ಮಡಚುವ ಎರಡು ಕಾಲು, ಅಂದರೆ ಬೈಪಾಡ್, ಕಟ್ಟಿರುವುದು ಕಂಡರೆ ನಗು ಬರುತ್ತದೆ. 'ಕಾಲು ಊರಿಕೊಂಡು ಹೊಡೆಯೋದೂ ಒಂದು ಈಡಾ?'

ನಮ್ಮ ನೆಲದಲ್ಲಿ ಬೇಟೆಯ ಬಾಗಿಲು ಮುಚ್ಚಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ಮುಕ್ಕಾಲು ಎಳೆಯಿತು, 1991ರ ತಿದ್ದುಪಡಿ ಚಿಲಕ ಹಾಕಿತು. ಹಾಗಾಗಿ ಬೈಪಾಡ್ ಕೊಳ್ಳಬೇಕೇ, ರೈಫಲ್ ಊರಲು ಕೋಲು ಸಾಕೇ ಎಂಬ ಪ್ರಶ್ನೆ ಎದುರಾಗುವುದು ಟೆಕ್ಸಸ್‌ನಲ್ಲಿ, ಸ್ಕಾಟ್ಲೆಂಡಿನ ಗುಡ್ಡಗಳಲ್ಲಿ, ನಮೀಬಿಯದ ಮುಳ್ಳುಪೊದೆಗಳ ನಡುವೆ. ಆದರೆ ಈ ವಿಷಯದ ತಪ್ಪು ಕಲ್ಪನೆಗಳಿಗೆ ದೇಶದ ಗಡಿಯಿಲ್ಲ.

'ಆಸರೆ ಬೇಕಾಗುವುದು ಗುರಿ ಬಾರದವನಿಗೆ'

ತೆಂಗಿನಕಾಯಿಗೆ ಗುಂಡು ತಪ್ಪಿದರೆ ಸುತ್ತ ನಿಂತವರು ನಗುತ್ತಾರೆ, ಅಷ್ಟೇ. ಜಿಂಕೆಗೆ ಅರ್ಧ ತಪ್ಪಿದರೆ ಅದು ಹೊಟ್ಟೆಯಲ್ಲೋ ಕಾಲಲ್ಲೋ ಸೀಸ ಹೊತ್ತು ಓಡುತ್ತದೆ, ಎಲ್ಲೋ ಬಿದ್ದು ನರಳುತ್ತದೆ. ಹೃದಯ ಮತ್ತು ಶ್ವಾಸಕೋಶ ಇರುವ ಜಾಗ ಒಂದು ಊಟದ ತಟ್ಟೆಗಿಂತ ದೊಡ್ಡದಲ್ಲ. ಗುಡ್ಡ ಹತ್ತಿ ಏದುಸಿರು ಬಿಡುತ್ತಿರುವವನ ಕೈಯಲ್ಲಿ ಆ ತಟ್ಟೆಯ ಮೇಲೆ ಗುರಿ ನಿಲ್ಲುವುದಿಲ್ಲ. ಉಸಿರು, ನಾಡಿ, ಸ್ನಾಯು ಎಲ್ಲವೂ ಅದನ್ನು ಅಲ್ಲಾಡಿಸುತ್ತಿರುತ್ತವೆ. ಇದು ಹಳಬರಿಗೂ ಗೊತ್ತಿತ್ತು. ಟಿಬೆಟ್ಟಿನ ಅಲೆಮಾರಿಗಳ ಬತ್ತಿಕೋವಿಗೆ ಎರಡು ಚೂಪು ಕೋಡಿನ ಕವೆ ಸೇರಿಸಿಯೇ ಇರುತ್ತಿತ್ತು. ಅಲ್ಲಿನ ಚಿರು ಎಂಬ ಹುಲ್ಲೆಯ ಕೊಂಬೇ ಅದಕ್ಕೆ ಒದಗುತ್ತಿತ್ತು. 1870ರ ದಶಕದಲ್ಲಿ ಅಮೆರಿಕದ ಬಯಲುಗಳಲ್ಲಿ ಕಾಡೆಮ್ಮೆಗಳನ್ನು ಚರ್ಮಕ್ಕಾಗಿ ನಿರ್ನಾಮಕ್ಕೆ ತಂದವರು (ಆ ಕೆಲಸವನ್ನು ಹೊಗಳುತ್ತಿಲ್ಲ) ಎರಡು ಕೋಲನ್ನು ಕತ್ತರಿಯಂತೆ ಕಟ್ಟಿ ಅದರ ಮೇಲೆ ಭಾರದ ಶಾರ್ಪ್ಸ್ ರೈಫಲ್ ಇಟ್ಟು ಹೊಡೆಯುತ್ತಿದ್ದರು. ಇವತ್ತು ಬ್ರಿಟನ್ನಿನಲ್ಲಿ ಜಿಂಕೆ ಬೇಟೆಯ ಮೊದಲ ಹಂತದ ಪ್ರಮಾಣಪತ್ರಕ್ಕೆ ನಡೆಸುವ ಗುರಿಪರೀಕ್ಷೆಯಲ್ಲೂ ಕೋಲಿನ ಆಸರೆಗೆ ಅವಕಾಶವಿದೆ.

'ಬೈಪಾಡ್ ಹಾಕಿದರೆ ರೈಫಲ್ ಅಲ್ಲಾಡುವುದಿಲ್ಲ'

ಅತಿ ಹೆಚ್ಚು ಹಣ ಪೋಲಾಗುವುದು ಈ ನಂಬಿಕೆಯಿಂದಲೇ. ಒಂದು ಸಣ್ಣ ಲೆಕ್ಕ ಹಾಕೋಣ. ಬೈಪಾಡಿನ ಕಾಲಿನಿಂದ ಹೆಗಲಿಗೆ ಒತ್ತುವ ಹಿಂತುದಿಗೆ ಸುಮಾರು 60 ಸೆಂ.ಮೀ. ದೂರ ಎಂದಿಟ್ಟುಕೊಳ್ಳಿ. ಮುಂದೆ ಕಾಲು ಕಲ್ಲಿನಂತೆ ಕೂತಿದೆ, ಹಿಂತುದಿ ಮಾತ್ರ ಒಂದೇ ಒಂದು ಮಿಲಿಮೀಟರ್ ಆಚೀಚೆ ಆಯಿತು. 200 ಮೀಟರ್ ದೂರದಲ್ಲಿ ಗುರಿ 33 ಸೆಂ.ಮೀ. ಜರುಗಿತು! ತಟ್ಟೆ ತಪ್ಪಿಹೋಯಿತು. ಬೈಪಾಡ್ ಹೊರುವುದು ರೈಫಲಿನ ಮುಂದಿನ ಭಾರವನ್ನು. ಹಿಂದಿನ ಜವಾಬ್ದಾರಿ ಹೆಗಲು, ಕೆನ್ನೆ ಮತ್ತು ಎಡಗೈಯ ಮೇಲೆಯೇ ಉಳಿಯುತ್ತದೆ.

ಆದ್ದರಿಂದ ಅನುಭವಸ್ಥರು ಮಲಗಿ ಹೊಡೆಯುವಾಗ ಎಡಗೈಯನ್ನು ಮುಂದಕ್ಕೆ ಚಾಚುವುದಿಲ್ಲ. ಅದನ್ನು ಹಿಂದಕ್ಕೆ ತಂದು, ಹಿಂತುದಿಯ ಕೆಳಗೆ ಪುಟ್ಟ ಚೀಲವೊಂದನ್ನಿಟ್ಟು ಹಿಂಡುತ್ತಾರೆ. ಚೀಲ ಹಿಂಡಿದಷ್ಟೂ ಹಿಂಭಾಗ ಏರುತ್ತದೆ, ಗುರಿ ಇಳಿಯುತ್ತದೆ. ಹಳೆಯ ಕಾಲುಚೀಲಕ್ಕೆ ಅಕ್ಕಿ ತುಂಬಿ ಬಾಯಿ ಹೊಲಿದರೂ ಆಯಿತು. ಮಳೆಯಲ್ಲಿ ನೆನೆದು ಊದಿಕೊಳ್ಳುತ್ತದೆ ಎನ್ನುವವರು ಪ್ಲಾಸ್ಟಿಕ್ ಮಣಿ ತುಂಬಿಕೊಳ್ಳುತ್ತಾರೆ. ದುಬಾರಿ ಕಾರ್ಬನ್ ಫೈಬರ್ ಕಾಲು ಕೊಂಡು ಈ ಚೀಲವನ್ನು ಮರೆತವನಿಗಿಂತ, ಅಗ್ಗದ ಕಾಲಿನ ಜೊತೆ ಚೀಲ ಹೊತ್ತವನ ಗುಂಡು ನೆಟ್ಟಗೆ ಹೋಗುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

'ಎತ್ತರದ್ದು ಕೊಂಡರೆ ಎಲ್ಲ ಕಡೆಗೂ ಆಗುತ್ತದೆ'

ಆಗುವುದಿಲ್ಲ. ಅಮೆರಿಕದ ಹ್ಯಾರಿಸ್ ಬೈಪಾಡ್ ಬಹಳ ಬಳಕೆಯಲ್ಲಿರುವಂಥದ್ದು. ಅದರಲ್ಲಿ 6ರಿಂದ 9 ಇಂಚಿನದೂ ಇದೆ, 13.5ರಿಂದ 27 ಇಂಚಿನದೂ ಇದೆ. ಮೊದಲನೆಯದು ಮಲಗಿ ಹೊಡೆಯುವವರಿಗೆ, ಎರಡನೆಯದು ಕೂತು ಹೊಡೆಯುವವರಿಗೆ. ಉದ್ದನೆಯದನ್ನು ಪೂರ್ತಿ ಮಡಚಿದರೂ ಅದು ಮಲಗಿದವನ ಎದೆಯನ್ನು ನೆಲದಿಂದ ಎತ್ತಿಬಿಡುತ್ತದೆ. ಪೂರ್ತಿ ಎಳೆದರೆ ಬಿದಿರಿನ ಏಣಿಯಂತೆ ತುಯ್ಯುತ್ತದೆ. ಮಾದರಿ ಯಾವುದೇ ಇರಲಿ, ಅದರ ಭಾರ ರೈಫಲಿನ ಮುಂದುಗಡೆ ನೇತಾಡುತ್ತದೆ. ಇಡೀ ದಿನ ನಡೆದವನ ತೋಳಿಗೆ ಅದು ಗೊತ್ತಾಗುತ್ತದೆ.

ನೋಡಬೇಕಾದದ್ದು ನೆಲವನ್ನು. ಸ್ಕಾಟ್ಲೆಂಡಿನ ಮರವಿಲ್ಲದ ಗುಡ್ಡದಲ್ಲಿ ಕೆಂಜಿಂಕೆಯ ಹಿಂದೆ ತೆವಳುತ್ತ ಹೋದವನು ಮಲಗಿಯೇ ಹೊಡೆಯುತ್ತಾನೆ. ಅಲ್ಲಿ ಗಿಡ್ಡ ಬೈಪಾಡ್ ಸರಿಯೇ ಸರಿ. ಬೆನ್ನಿನ ಚೀಲವನ್ನು ಮುಂದಿಟ್ಟು ಹೊಡೆಯುವವರೂ ಇದ್ದಾರೆ. ನಮೀಬಿಯದಲ್ಲಿ ಅದೇ ಬೈಪಾಡ್ ಹಾಕಿ ಮಲಗಿದರೆ ಕಣ್ಣೆದುರು ಕಾಣುವುದು ಹುಲ್ಲಿನ ಬುಡ ಮಾತ್ರ. ಅಲ್ಲಿ ಮುಂದೆ ನಡೆಯುವ ಮಾರ್ಗದರ್ಶಿ ಮೂರು ಕಾಲಿನ ಕೋಲನ್ನು ಹೆಗಲ ಮೇಲೆ ಹೊತ್ತಿರುತ್ತಾನೆ. ಪ್ರಾಣಿ ಕಂಡೊಡನೆ ಸದ್ದಿಲ್ಲದೆ ನೆಲಕ್ಕೂರುತ್ತಾನೆ, ಹಿಂದಿದ್ದವನು ನಿಂತಲ್ಲೇ ರೈಫಲ್ ಇಡುತ್ತಾನೆ. ಟೆಕ್ಸಸ್‌ನಲ್ಲಿ ಕಥೆ ಇನ್ನೊಂದು. ನಮ್ಮ ಮಲೆನಾಡಿನ ಹಿರಿಯರು ಮರಸು ಕೂರುತ್ತಿದ್ದಂತೆ ಅಲ್ಲಿ ಪೆಟ್ಟಿಗೆಯಂಥ ಅಟ್ಟಣೆಯೊಳಗೆ ಕುರ್ಚಿ ಹಾಕಿ ಕಾಯುತ್ತಾರೆ. ಕಿಟಕಿಯ ಅಂಚೇ ಅಲ್ಲಿ ಆಸರೆ. ಬೈಪಾಡಿನ ಕಾಲು ಆ ಅಂಚಿಗೆ ಸಿಕ್ಕಿ ಟಕ್ಕೆಂದರೆ ಜಿಂಕೆ ಇದ್ದಲ್ಲಿ ಇರುವುದಿಲ್ಲ.

ಕೋಲುಗಳಲ್ಲೂ ವ್ಯತ್ಯಾಸವಿದೆ. ಕತ್ತರಿ ಕಟ್ಟಿದ ಎರಡು ಕೋಲು ಮೇಲೆ ಕೆಳಗಿನ ಅಲುಗಾಟವನ್ನು ತಡೆಯುತ್ತದೆ, ಹಿಂದೆ ಮುಂದೆ ವಾಲುವುದನ್ನು ತಡೆಯುವುದಿಲ್ಲ. ಮೂರು ಕೋಲು ತಾನಾಗಿ ನಿಲ್ಲುತ್ತದೆ. ಈಗ ಬಂದಿರುವ ನಾಲ್ಕು ಕಾಲಿನ ಕೋಲು ರೈಫಲಿನ ಮುಂದಕ್ಕೂ ಹಿಂದಕ್ಕೂ ಒಂದೊಂದು ಕವೆ ಕೊಡುತ್ತದೆ. ಅಕ್ಕಿ ತುಂಬಿದ ಕಾಲುಚೀಲದ ಕೆಲಸವನ್ನು ನಿಂತವನಿಗೆ ಇದು ಮಾಡಿಕೊಡುತ್ತದೆ.

'ಗಟ್ಟಿ ಜಾಗದ ಮೇಲೆ ಇಟ್ಟಷ್ಟೂ ಒಳ್ಳೆಯದು'

ಬಂಡೆಯ ಮೇಲೋ ಜೀಪಿನ ಬಾನೆಟ್ ಮೇಲೋ ರೈಫಲನ್ನು ನೇರವಾಗಿ ಇಡುವವರಿದ್ದಾರೆ. ಕುದುರೆ ಎಳೆದ ಮೇಲೆ ಗುಂಡು ನಳಿಗೆಯೊಳಗೇ ಇರುವಾಗ ರೈಫಲ್ ಹಿಂದಕ್ಕೆ ಚಲಿಸಲು ಶುರುಮಾಡಿರುತ್ತದೆ. ಮೂರೂವರೆ ಕಿಲೋ ರೈಫಲ್, .308 ತೋಟೆ ಎಂದರೆ ಗುಂಡು ಹೊರಬೀಳುವ ಹೊತ್ತಿಗೆ ಅದು ಸರಿದಿರುವುದು ಸುಮಾರು ಎರಡು ಮಿಲಿಮೀಟರ್. ಕೇಳಲು ಅಲ್ಪ. ಆದರೆ ಗಟ್ಟಿ ಮೈಗೆ ತಾಗಿದ ರೈಫಲ್ ಆ ಅಲ್ಪದಲ್ಲೇ ಪುಟಿಯುತ್ತದೆ, ಗುಂಡು ಬೇರೆ ಕಡೆ ಬೀಳುತ್ತದೆ. ಕೋಟನ್ನು ಸುತ್ತಿ ನಡುವೆ ಇಟ್ಟರೆ ಮುಗಿಯಿತು. ನಳಿಗೆಯನ್ನಂತೂ ಕೊಂಬೆಗಾಗಲಿ ಕಲ್ಲಿಗಾಗಲಿ ತಾಗಿಸಲೇಬಾರದು, ಕೆಳಗಿನ ಮರದ ಭಾಗವನ್ನೇ ಊರಬೇಕು. ಅದು ಮರದ್ದಲ್ಲದೆ ಮೆದು ಪ್ಲಾಸ್ಟಿಕ್‌ನದಾಗಿದ್ದರೆ ಇನ್ನೊಂದು ತೊಡಕಿದೆ. ಬೈಪಾಡಿನ ಮೇಲೆ ಭಾರ ಹಾಕಿ ಮುಂದೊತ್ತಿದಾಗ ಅದು ಬಾಗಿ ನಳಿಗೆಯನ್ನು ಮುಟ್ಟಬಹುದು.

'ಬೈಪಾಡಿಗೆ ವಾಲುವ ತಲೆ ಬರೀ ಶೋಕಿ'

ನೆಲ ಓರೆಯಿದ್ದರೆ ರೈಫಲೂ ಓರೆಯಾಗುತ್ತದೆ. 5 ಡಿಗ್ರಿ ಓರೆಯಾದರೆ 300 ಮೀಟರಿನಲ್ಲಿ ಗುಂಡು ಪಕ್ಕಕ್ಕೆ ಸುಮಾರು 7 ಸೆಂ.ಮೀ. ಹೋಗುತ್ತದೆ. ಗುಡ್ಡದ ಇಳಿಜಾರಿನಲ್ಲಿ ವಾಲಿಸಿ ನೆಟ್ಟಗೆ ಮಾಡುವ ತಲೆ ಇಲ್ಲದ ಬೈಪಾಡ್ ಇದ್ದರೆ ಒಂದೊಂದು ಕಾಲನ್ನೂ ಬಿಚ್ಚಿ ಎಳೆಯುತ್ತ ಕೂರಬೇಕು. 100 ಮೀಟರಿನ ಒಳಗೇ ಹೊಡೆಯುವವನಿಗೆ ಇದರ ಚಿಂತೆ ಬೇಡ.

'ಒಮ್ಮೆ ಗುರಿ ಹೊಂದಿಸಿದರೆ ಆಯಿತು'

ಮರಳಿನ ಮೂಟೆಯ ಮೇಲೆ ಹೊಂದಿಸಿದ ರೈಫಲ್ ಬೈಪಾಡಿನ ಮೇಲೆ ಅಲ್ಲಿಗೇ ಹೊಡೆಯುತ್ತದೆ ಎಂಬ ಖಾತ್ರಿಯಿಲ್ಲ. ಬೇಟೆಗೆ ಹೊರಡುವ ಮುನ್ನ ರೇಂಜಿನಲ್ಲಿ ಮೂರು ಗುಂಡು ಮೂಟೆಯ ಮೇಲಿಂದ, ಮೂರು ಬೈಪಾಡಿನಿಂದ, ಮೂರು ಕೋಲಿನಿಂದ ಹೊಡೆದು, ಮೂರನ್ನೂ ಒಂದೇ ಕಾಗದದಲ್ಲಿ ಗುರುತು ಹಾಕಿಕೊಳ್ಳಬೇಕು. ಕೋಲಿನದನ್ನು ನಿಂತೇ ಹೊಡೆಯಬೇಕು, ಅದೂ ಒಂದು ಸುತ್ತು ಓಡಿ ಬಂದು, ಉಸಿರು ಇನ್ನೂ ಮೇಲೆ ಕೆಳಗೆ ಆಗುತ್ತಿರುವಾಗ. ಆ ಮೂರು ಗುಂಡು ತಟ್ಟೆಯೊಳಗೆ ಬೀಳದ ದೂರಕ್ಕೆ ಆ ವರ್ಷ ಕೋಲಿನಿಂದ ಹೊಡೆಯುವುದು ಬೇಡ.