ಗಜನಿ ಭೂಮಿಯ ಮಣ್ಣು: ಉಪ್ಪು ಮತ್ತು ಬಸಿಯುವಿಕೆ

ಉತ್ತರ ಕನ್ನಡ ಜಿಲ್ಲೆಯ ಅಘನಾಶಿನಿ ನದಿಯು ಕುಮಟಾ ತಾಲೂಕಿನಲ್ಲಿ ಅರಬ್ಬೀ ಸಮುದ್ರವನ್ನು ಸೇರುವ ಮುನ್ನ ಅಗಲವಾಗಿ ಹರಡಿಕೊಳ್ಳುತ್ತದೆ. ಅಲ್ಲಿಯ ತಗ್ಗುಬಯಲುಗಳಿಗೆ ‘ಗಜನಿ’ ಎಂದು ಹೆಸರು. ನದಿಯ ನೆರೆ ತಂದ ಮೆಕ್ಕಲು ಹಾಗೂ ಸಮುದ್ರದ ಉಬ್ಬರ ತಂದ ಉಪ್ಪು, ಇವೆರಡೂ ಸೇರಿ ಈ ಮಣ್ಣಿನ ಗುಣವನ್ನು ನಿರ್ಧರಿಸಿವೆ.

ಮಣ್ಣಿನ ಸಂತೃಪ್ತ ಸಾರದ ವಿದ್ಯುತ್ ವಾಹಕತೆಯು ಮೀಟರಿಗೆ 4 ಡೆಸಿಸೀಮೆನ್ಸ್ ಮೀರಿದರೆ ಅದನ್ನು ಲವಣಯುಕ್ತ ಮಣ್ಣೆಂದು ಪರಿಗಣಿಸುವುದು ವಾಡಿಕೆ. ಗಜನಿಯಲ್ಲಿ ಉಪ್ಪಿನ ಪ್ರಮಾಣ ವರ್ಷವಿಡೀ ಒಂದೇ ಸಮನಾಗಿರುವುದಿಲ್ಲ. ಅಂತರ್ಜಲವು ಮೇಲ್ಮೈಗೆ ಸಮೀಪವಿರುವುದರಿಂದ ಬೇಸಿಗೆಯಲ್ಲಿ ಸೂಕ್ಷ್ಮರಂಧ್ರಗಳ ಮೂಲಕ ಮೇಲೇರಿದ ನೀರು ಆವಿಯಾಗಿ, ಉಪ್ಪು ಮೇಲ್ಪದರದಲ್ಲಿ ಉಳಿಯುತ್ತದೆ. ಮಳೆಗಾಲದ ಸಿಹಿನೀರು ಅದನ್ನು ಕರಗಿಸಿ ಒಯ್ಯುತ್ತದೆ. ಆದರೆ ನೀರು ಸುಲಭವಾಗಿ ಬಸಿಯದ ಈ ನೆಲದೊಳಗೆ ಗಾಳಿಯಾಡದು. ಆಮ್ಲಜನಕದ ಕೊರತೆಯಿಂದ ಕಬ್ಬಿಣದ ಸಂಯುಕ್ತಗಳು ಅಪಕರ್ಷಣಗೊಂಡು ಮಣ್ಣು ಬೂದುಬಣ್ಣ ತಳೆಯುತ್ತದೆ.

ಉಪ್ಪನ್ನೂ ಮುಳುಗಡೆಯನ್ನೂ ತಾಳಿಕೊಳ್ಳುವ ‘ಕಗ್ಗ’ ಭತ್ತವು ಇಂತಹ ನೆಲಕ್ಕೆ ಒಗ್ಗಿದ ತಳಿ. ಆದರೆ ತಳಿಯೊಂದರಿಂದಲೇ ಬೇಸಾಯ ಸಾಗದು. ಉಬ್ಬರದಲ್ಲಿ ತೂಬು ಮುಚ್ಚಿ ಉಪ್ಪುನೀರನ್ನು ತಡೆಯಬೇಕು, ಇಳಿತದಲ್ಲಿ ತೆರೆದು ಮಳೆನೀರನ್ನು ಹೊರಬಿಡಬೇಕು. ಒಡ್ಡು ಒಂದೆಡೆ ಒಡೆದರೂ ಇಡೀ ಬಯಲಿಗೆ ಉಪ್ಪು ನುಗ್ಗುತ್ತದೆ. ಆದ್ದರಿಂದ ಅದರ ರಕ್ಷಣೆ ಒಬ್ಬ ರೈತನಿಂದ ಆಗುವ ಕೆಲಸವಲ್ಲ. 1990ರ ದಶಕದಲ್ಲಿ ಸಿಗಡಿ ಸಾಕಣೆ ವಿಸ್ತರಿಸಿದಂತೆ ಹಲವು ಗಜನಿಗಳಲ್ಲಿ ಉಪ್ಪುನೀರನ್ನೇ ನಿಲ್ಲಿಸಲಾಯಿತು. ಕಗ್ಗದ ಕ್ಷೇತ್ರ ಕುಗ್ಗಿತು.

ಹೀಗೆ, ಉಪ್ಪಿನ ಅಂಶವನ್ನು ಗಜನಿ ಮಣ್ಣಿನ ಸ್ಥಿರ ಲಕ್ಷಣವೆಂದು ತಿಳಿಯುವಂತಿಲ್ಲ. ಅದು ನೀರಿನ ಚಲನೆಯನ್ನೂ ಆ ಚಲನೆಯನ್ನು ಒಟ್ಟಾಗಿ ನಿಯಂತ್ರಿಸುವ ಊರಿನ ವ್ಯವಸ್ಥೆಯನ್ನೂ ಅವಲಂಬಿಸಿದೆ. ಆ ವ್ಯವಸ್ಥೆ ಸಡಿಲಗೊಂಡಲ್ಲಿ ಕೇವಲ ಬೀಜವನ್ನು ಉಳಿಸಿಕೊಂಡರೆ ಸಾಲದು.