ಸಾಲ ತೀರಿದ ಮೇಲೆ ಬಾಡಿಗೆ ಇಳಿಯುವ ಊರು

ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದ ಜನಸಂಖ್ಯೆ ಸುಮಾರು 20 ಲಕ್ಷ. ಅಲ್ಲಿ ನಗರಾಡಳಿತದ ಸ್ವಂತ ಬಾಡಿಗೆ ಮನೆಗಳು ಸುಮಾರು 2.20 ಲಕ್ಷ, ಲಾಭಕ್ಕೆ ಕಾನೂನಿನ ಮಿತಿಯಿರುವ ಗೃಹ ಸಂಘಗಳ ಮನೆಗಳು ಹೆಚ್ಚುಕಡಿಮೆ 2 ಲಕ್ಷ. ಎರಡೂ ಸೇರಿ ಊರಿನ ಅರ್ಧದಷ್ಟು ಜನರಿಗೆ ಸೂರು ಒದಗಿಸಿವೆ.

ಹೆಸರು ಮಾಡಿದ್ದು ನಗರಾಡಳಿತದ ಮನೆಗಳೇ. 1923ರಲ್ಲಿ ನಗರದ ಹಣಕಾಸು ನೋಡಿಕೊಳ್ಳುತ್ತಿದ್ದ ಹ್ಯೂಗೊ ಬ್ರೈಟ್ನರ್ ವಸತಿ ತೆರಿಗೆ ಹಾಕಿದರು. ಮನೆ ದುಬಾರಿಯಾದಷ್ಟೂ ತೆರಿಗೆಯ ದರ ಏರುತ್ತಿತ್ತು. ಅತ್ಯಂತ ದುಬಾರಿಯಾದ ಶೇ 0.5ರಷ್ಟು ಆಸ್ತಿಗಳಿಂದಲೇ ಸುಮಾರು ಶೇ 45ರಷ್ಟು ವಸೂಲಿ. 1934ರ ಹೊತ್ತಿಗೆ 60 ಸಾವಿರಕ್ಕೂ ಹೆಚ್ಚು ಮನೆಗಳು ಎದ್ದವು. ಒಂದು ಕಿಲೊಮೀಟರಿಗೂ ಉದ್ದದ ಕಾರ್ಲ್ ಮಾರ್ಕ್ಸ್ ಹೋಫ್‌ ಒಂದರಲ್ಲೇ 1,382 ಮನೆ. ತೆರಿಗೆ ಹಣದಲ್ಲಿ ಕಟ್ಟಿದ್ದರಿಂದ ಬಾಡಿಗೆಯಲ್ಲಿ ಬಡ್ಡಿಯ ಮಾತೇ ಇರಲಿಲ್ಲ. ಇವತ್ತು ಯಾವ ನಗರವೂ ಅಷ್ಟು ಧಾರಾಳವಾಗಿ ತೆರಿಗೆ ಹಾಕಲಾರದು. ಹಾಗಾಗಿ ನಮಗೆ ಹತ್ತಿರದ್ದು ಸಂಘಗಳ ಲೆಕ್ಕ.

1979ರ ಕಾನೂನಿನ ಪ್ರಕಾರ ಸಂಘ ವಸೂಲು ಮಾಡಬೇಕಾದದ್ದು ತಗಲಿದ ಖರ್ಚನ್ನು ಮಾತ್ರ: ಜಾಗ, ಕಟ್ಟಡ, ಸಾಲದ ಕಂತು, ದುರಸ್ತಿ. ಹಾಕಿದ ಸ್ವಂತ ಬಂಡವಾಳಕ್ಕೆ ಬಡ್ಡಿ ಶೇ 3.5 ದಾಟುವಂತಿಲ್ಲ. ಉಳಿತಾಯವೆಲ್ಲ ಮತ್ತೆ ವಸತಿಗೇ ಹೋಗಬೇಕು. ಸರ್ಕಾರ ಕೊಡುವ ಸಬ್ಸಿಡಿಗೆ ಹಣ ಬರುವುದು ಸಂಬಳದಿಂದ. ದಶಕಗಳ ಕಾಲ, 2024ರವರೆಗೆ ನಡೆದುಬಂದ ದರ ಶೇ 1. ಅರ್ಧ ನೌಕರನದು, ಅರ್ಧ ಮಾಲೀಕನದು. 3,000 ಯೂರೋ ಸಂಬಳಕ್ಕೆ ತಿಂಗಳಿಗೆ 15 ಮತ್ತು 15, ಒಟ್ಟು 30 ಯೂರೋ. ಜಾಗದ ಬೆಲೆಗೂ ಲಗಾಮಿದೆ. 2018ರ ತಿದ್ದುಪಡಿಯ ನಂತರ, ಹೊಸದಾಗಿ ವಸತಿಗೆ ಬಿಡುವ ದೊಡ್ಡ ಪ್ರದೇಶಗಳಲ್ಲಿ ಮೂರನೇ ಎರಡು ಪಾಲು ಸಬ್ಸಿಡಿ ಮನೆಗಳಿಗೇ ಮೀಸಲು. ಆ ಪಾಲಿಗೆ ಜಾಗದ ಬೆಲೆಯನ್ನು ಕಟ್ಟಡದ ಪ್ರತಿ ಚದರ ಮೀಟರಿಗೆ 188 ಯೂರೋ ಎಂದು ಕಟ್ಟಿಹಾಕಲಾಯಿತು.

ಬಾಡಿಗೆದಾರನ ಜೇಬಿಗೆ ಬರೋಣ. 2012ರಲ್ಲಿ ಶುರುವಾದ ‘ಸ್ಮಾರ್ಟ್’ ಎಂಬ ಸಬ್ಸಿಡಿ ಮನೆಗಳಿಗೆ ಆಗ ಇಟ್ಟ ಮಿತಿ, ನಿರ್ವಹಣೆ ಮತ್ತು ತೆರಿಗೆ ಸೇರಿ ಚದರ ಮೀಟರಿಗೆ 7.50 ಯೂರೋ. 60 ಚದರ ಮೀಟರ್, ಅಂದರೆ ಸುಮಾರು 645 ಚದರಡಿ ಮನೆಗೆ ತಿಂಗಳಿಗೆ 450 ಯೂರೋ. ಲೆಕ್ಕ ಸುಲಭವಾಗಲೆಂದು ಯೂರೋಗೆ 100 ರೂಪಾಯಿ ಹಿಡಿದರೆ 45 ಸಾವಿರ. ಒಳಹೋಗುವಾಗ ಮುಂಗಡ ಚದರ ಮೀಟರಿಗೆ 60 ಯೂರೋ, ಒಟ್ಟು 3,600. ಎಂಟು ತಿಂಗಳ ಬಾಡಿಗೆಗೆ ಸಮ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟವರಿಗೆ ಇದೇನೂ ಹೊಸದಲ್ಲ. ಹೊಸದು ಮುಂದಿನ ಲೆಕ್ಕ: ವರ್ಷಕ್ಕೆ ಶೇ 1 ಮಾತ್ರ ಕಳೆದು ಉಳಿದದ್ದನ್ನು ಹಿಂದಿರುಗಿಸಬೇಕು. ಹತ್ತು ವರ್ಷ ಇದ್ದು ಬಿಟ್ಟರೆ 3,240 ಯೂರೋ ವಾಪಸ್. ಪೇಂಟಿಂಗ್ ನೆಪದ ಕಡಿತಕ್ಕೆ ಹೋಲಿಸಿ ನೋಡಿ.

ನಿಜವಾದ ಚಮತ್ಕಾರ ಮೂವತ್ತು ನಲವತ್ತು ವರ್ಷಗಳ ನಂತರ. ಕಟ್ಟಡದ ಸಾಲ ತೀರಿತೆಂದರೆ ಕಂತಿನ ಭಾಗ ಬಾಡಿಗೆಯಿಂದ ಕಳಚಿ, ಮೂಲ ಬಾಡಿಗೆ ಚದರ ಮೀಟರಿಗೆ 2 ಯೂರೋ ಆಸುಪಾಸಿಗೆ ಇಳಿಯುತ್ತದೆ. ಅದೇ 60 ಚದರ ಮೀಟರಿಗೆ ಸುಮಾರು 120 ಯೂರೋ. ದುರಸ್ತಿ ನಿಧಿ, ನಿರ್ವಹಣೆ, ತೆರಿಗೆ ಬೇರೆ. ಖಾಸಗಿ ಮಾಲೀಕನ ಸಾಲವೂ ಒಂದು ದಿನ ತೀರುತ್ತದೆ, ಆದರೆ ಬಾಡಿಗೆ ಇಳಿಸಿದವರನ್ನು ಕಂಡವರುಂಟೆ? ನಮ್ಮ ಗೃಹ ನಿರ್ಮಾಣ ಸಹಕಾರ ಸಂಘಗಳು ಬಹುಪಾಲು ಸೈಟು ಹಂಚಿ ಕೈತೊಳೆದುಕೊಂಡವು. ಹಂಚಿದ ಮರುದಿನವೇ ಆ ಸೈಟಿಗೆ ಮಾರುಕಟ್ಟೆಯ ಬೆಲೆ ಬಂತು, ಸಂಘದ ಕೈಯಲ್ಲಿ ಬಾಡಿಗೆಗೆ ಕೊಡಲು ಒಂದು ಮನೆಯೂ ಉಳಿಯಲಿಲ್ಲ.

ವಿಯೆನ್ನಾದಲ್ಲೂ ಎಲ್ಲ ಸರಿಯಿಲ್ಲ. ಊರಿಗೆ ಹೊಸದಾಗಿ ಬಂದವರು ನಗರಾಡಳಿತದ ಮನೆಗೆ ಬೇಕಾದ ವಾಸದ ಅವಧಿ ತುಂಬುವವರೆಗೆ ಹೆಚ್ಚಾಗಿ ಖಾಸಗಿ ಬಾಡಿಗೆಯನ್ನೇ ತೆರಬೇಕು. 2022ರಿಂದ ಬಡ್ಡಿ ಮತ್ತು ಸಾಮಗ್ರಿ ದರ ಏರಿ ಹೊಸ ಮನೆಗಳ ಲೆಕ್ಕ ಬಿಗಿಯಾಗಿದೆ. ನನ್ನ ದೃಷ್ಟಿಯಲ್ಲಿ ಇವೆರಡಕ್ಕಿಂತ ದೊಡ್ಡ ತೂತು ಇನ್ನೊಂದಿದೆ: ಹೆಚ್ಚು ಮುಂಗಡ ಕೊಟ್ಟ ಕೆಲವು ಸಂಘದ ಮನೆಗಳನ್ನು ಬಾಡಿಗೆದಾರರು ಕೊಂಡುಕೊಳ್ಳಲು ಕಾನೂನೇ ಅವಕಾಶ ಕೊಡುತ್ತದೆ. ಹಾಗೆ ಮಾರಿದ ಮನೆ 2 ಯೂರೋ ಲೆಕ್ಕಕ್ಕೆ ಮತ್ತೆಂದೂ ಬರುವುದಿಲ್ಲ.